ನಾಲೊಂಗೊ ಅಮ್ಮನ ಕೊನೆಯ ಕುಣಿತ

ಮಸಾಕಾ ಊರಿನ ಸಭಾಭವನದ ಗೋಡೆ ತುಂಬ ಕುಣಿತದವರ ಫೋಟೊಗಳಿವೆ, ನಾಲೊಂಗೊ ಅಮ್ಮನದೊಂದು ಬಿಟ್ಟು. ನಾಲೊಂಗೊ ಎಂದರೆ ಅವಳಿ ಮಕ್ಕಳನ್ನು ಹೆತ್ತ ತಾಯಿ; ಊರೆಲ್ಲ ಅವರನ್ನು ಕರೆಯುವುದೇ ಹಾಗೆ. ನಲವತ್ತು ವರ್ಷ ಊರಿಗೇ ಸೊಂಟ ಕುಣಿಸುವ ಬಾಕಿಸಿಂಬಾ ಕುಣಿತ ಕಲಿಸಿದವರಿಗೆ ಆ ಗೋಡೆಯಲ್ಲಿ ಜಾಗವಿಲ್ಲ ಅಂದರೆ ಏನನ್ನಬೇಕು! ಫ್ಲಾಶ್ ಮಿಂಚಿದರೆ ಅವರ ಕಣ್ಣಿಗೆ ಆಗುವುದಿಲ್ಲ, ಕುಣಿತ ನಿಲ್ಲಿಸಿಬಿಡುತ್ತಾರೆ. ಫ್ಲಾಶ್ ಇಲ್ಲದೆ ಅಲ್ಲಿಯ ಮಂಕು ಬೆಳಕಿನಲ್ಲಿ ಅಲುಗಿದ್ದೆಲ್ಲ ಮಸುಕಾಗಿ ಯಾರಿಗೂ ಚಿತ್ರ ದಕ್ಕಿರಲಿಲ್ಲ. ಈಗ ಮಂಡಿ ಸವೆದು, ಈ ಭಾನುವಾರ ಮಧ್ಯಾಹ್ನದ್ದೇ ಕೊನೆಯ ಕುಣಿತ ಎಂದುಬಿಟ್ಟಿದ್ದರು.

ಆ ಫೋಟೊ ತಾನೇ ತೆಗೆಯುತ್ತೇನೆಂದು ಹಟ ಹಿಡಿದವಳು ಶಿಷ್ಯೆ ನಸ್ಸಾಕಾ. ಅವಳಲ್ಲಿದ್ದದ್ದು ಅಂಗೈಯಗಲದ ಪುಟ್ಟ ಕ್ಯಾಮೆರಾ. ತಾಲೀಮಿನಲ್ಲಿ ತೆಗೆದ ಅರವತ್ತು ಚಿತ್ರಗಳೂ ಮಸುಕು.

"ಈ ಡಬ್ಬಿ ಅತ್ಲಾಗೆ ಎಸಿ ಅಂದ್ರೆ ಕೇಳಲ್ವಲ್ಲ!" ಎಂದು ಮೇಳದ ಯಜಮಾನ ಸೆಬುಗ್ವಾವೊ ರೇಗಿದ.

"ಡಬ್ಬಿದೇನೂ ತಪ್ಪಿಲ್ಲ ಬಿಡಣ್ಣಾ," ಎಂದ ಡೋಲಿನ ಕಾಗ್ವಾ. "ನಾನು ಡೋಲು ಮುಟ್ಟಿದ್ದೇ ತಡ, ಇವಳ ಸೊಂಟ ಶುರು! ಕೈ ನಿಲ್ಲೋದಾದ್ರೂ ಹೆಂಗೆ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಸ್ಸಾಕಾಳಿಗೆ ಮೈಯೆಲ್ಲ ಉರಿಯಿತು. ಆದರೆ ಮಾತು ನಿಜವಾಗಿತ್ತು. ಏಳನೆಯ ವರ್ಷದಿಂದ ಕುಣಿದ ಮೈ, ಹೇಳಿದರೆ ಕೇಳುತ್ತದೆಯೇ?

ಭಾನುವಾರ ಭವನ ಕಿಕ್ಕಿರಿದಿತ್ತು. ವೇದಿಕೆಗೆ ಮೂರೇ ಬಲ್ಬು. ನಸ್ಸಾಕಾ ವೇದಿಕೆಯ ಅಂಚಿನಲ್ಲಿ ಬಟ್ಟೆ ಮಡಿಸಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದಳು. ಫ್ಲಾಶ್ ಆರಿಸಿ, ಗುಂಡಿ ಒತ್ತಿದ ಎರಡು ಸೆಕೆಂಡಿಗೆ ತಾನಾಗಿಯೇ ಚಿತ್ರ ತೆಗೆಯುವಂತೆ ಮಾಡಿದಳು. ತನ್ನ ಕೈಯೇ ತಾಕದಿದ್ದರೆ ಅದು ಅಲುಗುವುದಾದರೂ ಹೇಗೆ!

ಬಾಕಿಸಿಂಬಾದಲ್ಲಿ ಸೊಂಟ ಎಷ್ಟೇ ಕುದಿಯಲಿ, ತುಂಬಿದ ಕೊಡ ಹೊತ್ತವರಂತೆ ತಲೆ ಅಲುಗುವುದಿಲ್ಲ. ಆದರೆ ನಾಲೊಂಗೊ ಅಮ್ಮ ಸುತ್ತುತ್ತಲೇ ಇರುತ್ತಾರೆ. ಡೋಲು ಒಮ್ಮೆ ಉರುಳಿ ತಗ್ಗಿದಾಗ ಮಾತ್ರ ಕೈ ಚಾಚಿ, ಒಂದೇ ಒಂದು ಉಸಿರಿನಷ್ಟು ಹೊತ್ತು ಸುತ್ತುವುದು ಬಿಟ್ಟು ಜನರಿಗೆ ಮುಖ ಕೊಡುತ್ತಾರೆ. ಆಗ ಒತ್ತಿದರೆ ಕೆಲಸ ಕೆಟ್ಟಂತೆಯೇ. ಅದಕ್ಕೆ ಎರಡು ಸೆಕೆಂಡು ಮೊದಲೇ ಒತ್ತಬೇಕು. ಆ ಗಳಿಗೆ ಯಾವುದೆಂದು ನಸ್ಸಾಕಾಳ ತಲೆಗೆ ಗೊತ್ತಿರಲಿಲ್ಲ, ಸೊಂಟಕ್ಕೆ ಗೊತ್ತಿತ್ತು.

ಕಾಗ್ವಾನ ಡೋಲು ಉರುಳತೊಡಗಿತು. ಅವಳು ಗುಂಡಿ ಒತ್ತಿದಳು, ಕೈ ತೆಗೆದಳು, ಅಲ್ಲೇ ಮನಸಾರೆ ಕುಣಿದಳು. ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಕೂಗಿದರು. ನಾಲೊಂಗೊ ಅಮ್ಮ ಕೈ ಚಾಚಿ ಜನರಿಗೆ ಮುಖ ಕೊಟ್ಟರು. ಕ್ಯಾಮೆರಾ ಕಿಟಕ್ಕೆಂದಿತು.

ಕುಣಿತ ಮುಗಿದದ್ದೇ ಸೆಬುಗ್ವಾವೊ ಕ್ಯಾಮೆರಾದ ಪರದೆಗೆ ಮುಖ ತೂರಿಸಿದ. "ಅಯ್ಯೋ, ಮುಖವೇನೋ ಬಂದಿದೆ. ಸೊಂಟದ ಹತ್ರ ನೋಡು, ಬರೀ ಹೊಗೆ! ಆಯ್ತಲ್ಲ, ಇದ್ದ ಒಂದು ಅವಕಾಶನೂ ಹೋಯ್ತು!"

ನಾಲೊಂಗೊ ಅಮ್ಮ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ನಸ್ಸಾಕಾ ಅವರೆದುರು ಮೊಣಕಾಲೂರಿ, ಎರಡೂ ಕೈಯಲ್ಲಿ ಕ್ಯಾಮೆರಾ ಒಪ್ಪಿಸಿದಳು. ಮುದುಕಿ ಬಹಳ ಹೊತ್ತು ನೋಡಿದರು. ಹಣೆಯ ಬೆವರಹನಿ, ಕೆನ್ನೆಯ ಸುಕ್ಕು, ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿದ್ದವು.

"ಲೋ ಸೆಬುಗ್ವಾವೊ," ಎಂದರು, "ನನ್ನ ಸೊಂಟ ನಿಂತಿದ್ದನ್ನ ನೀನು ಯಾವತ್ತಾದ್ರೂ ಕಂಡಿದ್ಯೇನೋ? ಸ್ಪಷ್ಟವಾಗಿ ಬಂದಿದ್ರೆ ಅದು ನಾನೇ ಅಲ್ಲ. ಇದನ್ನ ದೊಡ್ಡದು ಮಾಡ್ಸಿ ಬಾಗಿಲ ಎದುರಿಗೇ ಹಾಕು. ತೆಗೆದೋಳ ಹೆಸರೂ ಬರ್ಸು. ನಾಲೊಂಗೊ ಕಲ್ಸಿದ ಹುಡುಗಿ ಅಂತ ದಪ್ಪಕ್ಷರದಲ್ಲಿ ಬರ್ಸು."