ಯಾರ ಕೋಶಗಳು ಮೊದಲು ಸತ್ತವು

ಗೆಜೀನೆ ಲ್ಯಾಬಿನ ತೊಟ್ಟಿಯ ಮುಂದೆ ನಿಂತು, ಕೋಶ ಬೆಳೆಸಿದ ತಟ್ಟೆಗಳಿಂದ ನೇರಳೆ ಬಣ್ಣವನ್ನು ಬಗ್ಗಿಸುತ್ತಿದ್ದಳು. ಒಂದನ್ನು ತೊಳೆದು ಬೆಳಕಿಗೆ ಹಿಡಿಯುವಳು, ಸಮಾಧಾನವಾಗದೆ ಮತ್ತೆ ಹಿಡಿಯುವಳು. ಕಿರಣದ ಏಟಿಗೆ ಸಾಯದೆ ಉಳಿದ ಕೋಶ ಎರಡು ವಾರದಲ್ಲಿ ಸಂಸಾರ ಬೆಳೆಸಿಕೊಂಡು ತಟ್ಟೆಯ ಮೇಲೊಂದು ಚುಕ್ಕೆಯಾಗಿರುತ್ತದೆ. ಐವತ್ತು ಜನವಿಲ್ಲದ ಸಂಸಾರವನ್ನು ಅವರ ಲ್ಯಾಬಿನಲ್ಲಿ ಬದುಕಿದ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಎಷ್ಟು ಸಲ ನೋಡಿದ್ರೂ ಅದು ಮರಿ ಹಾಕಲ್ಲ ಮಾರಾಯ್ತಿ," ಎಂದ ಫೋಲ್ಕ್‌ಮಾರ್, ಸೂಕ್ಷ್ಮದರ್ಶಕದಿಂದ ತಲೆ ಎತ್ತದೆ. ಇಬ್ಬರೂ ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನ ಹೊರಗಿನ ಪೈನ್ ಕಾಡಿನ ಪ್ರಯೋಗಾಲಯದಲ್ಲಿ ಒಂದೇ ಕೋಣೆ ಹಂಚಿಕೊಂಡು ತಲೆ ನರೆಸಿಕೊಂಡವರು.

"ತಟ್ಟೆ ಅದಲುಬದಲು ಮಾಡಿದೀನಿ ಅನ್ಸುತ್ತೆ ಕಣೋ."

ಒಂದು ಬಗೆಯ ಕೋಶಗಳು ಆರೋಗ್ಯವಂತರ ಚರ್ಮದವು. ಇನ್ನೊಂದು, ತುಂಡಾದ ಡಿಎನ್‌ಎ ಎಳೆಗಳನ್ನು ಸೇರಿಸಿಕೊಳ್ಳುವ ಶಕ್ತಿಯಿಲ್ಲದೆ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಒಬ್ಬ ಹುಡುಗಿಯವು. ಯಂತ್ರ ಅತಿವೇಗದಲ್ಲಿ ಹಾರಿಸುವ ಕಬ್ಬಿಣದ ಅಯಾನುಗಳು, ಅಂದರೆ ವಿದ್ಯುತ್ ತುಂಬಿದ ಕಣಗಳು, ಹೊಡೆದ ಮೇಲೆ ಎರಡೂ ತಟ್ಟೆಗಳಲ್ಲಿ ಉಳಿದದ್ದು ಬೆರಳೆಣಿಕೆಯ ಚುಕ್ಕೆಗಳು. ಹಿಂದೆ ಕ್ಷ-ಕಿರಣ ಬಿಟ್ಟಾಗ ಆರೋಗ್ಯದವು ಚೆನ್ನಾಗಿ ಉಳಿದು, ಹುಡುಗಿಯವು ಅಳಿಸಿಹೋಗಿದ್ದವು. ಇದು ಹೇಗೆ ಸಾಧ್ಯ?

ಕಬ್ಬಿಣದ ಕಿರಣ ಸಿಕ್ಕುವುದು ಯಾವಾಗಲೋ ಒಂದು ಮಧ್ಯಾಹ್ನ. ತಪ್ಪಾಗಿದ್ದರೆ ಮುಂದಿನ ಸರದಿಗೆ ಮತ್ತೆ ಕಾಯಬೇಕು, ಆ ಹುಡುಗಿಯ ತಾಯಿಯೂ ಕಾಯಬೇಕು. ಹೆಸರು ಮರೆಮಾಡಿ ಆಸ್ಪತ್ರೆಯ ವೈದ್ಯೆ ಕಳಿಸಿಕೊಟ್ಟ ಕಾಗದದಲ್ಲಿ ಆ ತಾಯಿ ಕೇಳಿದ್ದು ಒಂದೇ: ನಿಮ್ಮ ಯಂತ್ರದ ಕೆಳಗೂ ನನ್ನ ಮಗಳ ಕೋಶಗಳೇ ಮೊದಲು ಸತ್ತವಾ? ಕ್ಷ-ಕಿರಣದ ಮಟ್ಟಿಗೆ ಉತ್ತರ ಅಂದೇ ಗೊತ್ತಿತ್ತು. 'ಹೌದು' ಎಂದು ಬರೆಯಲು ಗೆಜೀನೆಗೆ ಕೈ ಬಂದಿರಲಿಲ್ಲ. ಕಬ್ಬಿಣದ್ದೂ ಆಗಲಿ, ಆಮೇಲೆ ಬರೆಯೋಣ ಎಂದು ವರ್ಷ ದೂಡಿದ್ದಳು.

"ಕಬ್ಬಿಣ ಬಿಟ್ಟ ದಿನವೇ ಅದೇ ಸೀಸೆಗಳಿಂದ ಒಂದಿಷ್ಟು ಕೋಶ ತೆಗೆದು ಕ್ಷ-ಕಿರಣಕ್ಕೂ ಇಟ್ಟಿದ್ಯಲ್ಲ," ಎಂದ ಫೋಲ್ಕ್‌ಮಾರ್. "ಅವಕ್ಕೆ ಬಣ್ಣ ಹಾಕು. ಸೀಸೆ ಬದಲಾಗಿದ್ರೆ ಅಲ್ಲೂ ಗೊತ್ತಾಗುತ್ತೆ."

ಅವಳು ಹಾಕಿದಳು. ಬಣ್ಣ ಹಿಡಿಯುವವರೆಗೆ ಕೂತಳು, ಎದ್ದಳು, ಕಿಟಕಿಗೆ ಹೋದಳು, ಬಂದಳು.

"ಆ ನೆಲಕ್ಕೂ ಸ್ವಲ್ಪ ಕರುಣೆ ತೋರ್ಸಮ್ಮ," ಎಂದು ಅವನು ತನ್ನ ಬ್ರೆಟ್ಸೆಲ್ ರೊಟ್ಟಿಯಲ್ಲಿ ಅರ್ಧ ಮುರಿದು ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

ತೊಳೆದಾಗ ಆರೋಗ್ಯದ ತಟ್ಟೆ ಚುಕ್ಕೆಗಳಿಂದ ತುಂಬಿತ್ತು. ಹುಡುಗಿಯದು ಬರಿದು. ಅದಲುಬದಲಾಗಿರಲಿಲ್ಲ.

ಗೆಜೀನೆ ನಿಧಾನವಾಗಿ ಕೂತಳು. "ಹಾಗಾದ್ರೆ ಕಬ್ಬಿಣದ್ದು ನಿಜ."

"ನಿಜವೇ. ಕ್ಷ-ಕಿರಣ ಬಟ್ಟೇಲಿ ಅಲ್ಲಲ್ಲಿ ತೂತು ಮಾಡುತ್ತೆ, ಹೊಲಿಗೆ ಬಂದೋರು ಹೊಲ್ಕೋತಾರೆ. ಕಬ್ಬಿಣ ಒಂದೇ ಕಡೆ ಚಿಂದಿ ಮಾಡ್ಬಿಡುತ್ತೆ. ಅದನ್ನ ಯಾವ ದರ್ಜಿ ತಾನೇ ಹೊಲೀತಾನೆ?" ಅವನು ಕೈ ಒರೆಸಿಕೊಂಡ. "ಆ ತಾಯಿಗೆ ಇದಷ್ಟನ್ನೇ ಬರಿ. ಕ್ಷ-ಕಿರಣದ್ದು ಯಾಕೆ? ನೆಮ್ಮದಿಯಾಗಿರ್ಲಿ ಬಿಡು."

"ನೆಮ್ಮದಿ ಕೇಳಿಲ್ಲ ಆಕೆ. ಏನಾಯ್ತು ಅಂತ ಕೇಳಿದಾಳೆ."

"ನಿನ್ನ ಜೊತೆ ವಾದ ಮಾಡೋ ಬದ್ಲು ತಟ್ಟೆ ತೊಳೀತೀನಿ, ಕೊಡಿಲ್ಲಿ."

ಅವಳು ಕೈಯ ನೇರಳೆ ಕಲೆ ಹೋಗುವ ಮೊದಲೇ ಬರೆಯಲು ಕೂತಳು. ಕ್ಷ-ಕಿರಣದ ಕೆಳಗೆ ಹೌದು, ನಿಮ್ಮ ಮಗಳವೇ ಮೊದಲು ಸತ್ತವು. ಕಬ್ಬಿಣದ ಕೆಳಗೆ ಹಾಗಾಗಲಿಲ್ಲ. ಅಲ್ಲಿ ದುರಸ್ತಿ ಬಲ್ಲ ಕೋಶಗಳಿಗೂ ತಮ್ಮ ವಿದ್ಯೆ ಉಪಯೋಗಕ್ಕೆ ಬರಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ಒಂದೇ ಸಮ ಸತ್ತವು. 'ಹೆಚ್ಚುಕಡಿಮೆ' ಎಂಬುದನ್ನು ಹೊಡೆದುಹಾಕಿದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ಅದರ ಮೇಲೆಯೇ ಮತ್ತೆ ಬರೆದಳು. ಹುಡುಗಿಯ ಕೋಶಗಳಿಲ್ಲದಿದ್ದರೆ ಇದು ನಮಗೆ ತಿಳಿಯುತ್ತಿರಲಿಲ್ಲ ಎಂದೂ ಸೇರಿಸಿದಳು. ಹೆಸರಿಲ್ಲದ ಲಕೋಟೆಗೆ ಹಾಕಿ, ಅದನ್ನು ವೈದ್ಯೆಯ ವಿಳಾಸದ ಲಕೋಟೆಯೊಳಗಿಟ್ಟು, ಕೋಟು ಕೂಡ ಹಾಕಿಕೊಳ್ಳದೆ ಹೊರಟಳು.

ಬಸ್ ನಿಲ್ದಾಣದ ಹಳದಿ ಅಂಚೆ ಪೆಟ್ಟಿಗೆಯ ಬಾಯಲ್ಲಿ ಲಕೋಟೆ ತೂರಿಸಿದ ಮೇಲೂ ಅವಳ ಬೆರಳುಗಳು ಅದರ ಅಂಚನ್ನು ಹಿಡಿದೇ ಇದ್ದವು. ಹಿಂದೆ ಯಾರೋ ಕೆಮ್ಮಿದರು. ಅವಳು ಬಿಟ್ಟಳು.