ಅಲುಗದ ಗೆರೆ

ಇಂಜಿನ್ ಪರೀಕ್ಷೆಯ ಕೋಣೆಯೊಳಗೆ ನಮ್ಮ ಭಾವ, ಅಕ್ಕನ ಗಂಡ, ಇರುತ್ತಿದ್ದರು, ದಪ್ಪ ಗಾಜಿನ ಈಚೆ ನಾನು. ಅವರು ಮೆಕ್ಯಾನಿಕ್, ನಾನು ಇಂಜಿನ್ನಿನ ವೇಗ ನಿಯಂತ್ರಿಸುವ ಪ್ರೋಗ್ರಾಂ ಬರೆಯುವವನು. ನನ್ನನ್ನು ಈ ಕೆಲಸಕ್ಕೆ ಸೇರಿಸಿದ್ದೇ ಅವರು. ಅದಕ್ಕೆ ನಾನು ತೋರಿಸಿದ ಕೃತಜ್ಞತೆಯ ಕಥೆ ಇದು.

ನನ್ನ ಪ್ರೋಗ್ರಾಂ ಮಹಾ ಮೊಂಡ. ಇಂಜಿನ್ ಹಳೆಯದಾಗಲಿ, ಇಂಧನ ಕಳಪೆಯಿರಲಿ, ಭಾರ ಏರಲಿ ಇಳಿಯಲಿ, ನಿಮಿಷಕ್ಕೆ ಮೂರು ಸಾವಿರ ಸುತ್ತು ಎಂದರೆ ಮೂರು ಸಾವಿರವೇ. ವೇಗ ಚೂರು ತಪ್ಪಿದರೆ ಸಾಕು, ಗಾಳಿ ಒಳಬಿಡುವ ಥ್ರಾಟಲ್ ಅನ್ನು ಅತ್ತಿತ್ತ ಜಗ್ಗಿ ದಾರಿಗೆ ತರುತ್ತಿತ್ತು. ಹಾಗಾಗಿ ಪರದೆಯ ಮೇಲೆ ವೇಗದ ಗೆರೆ ನೇರ, ಥ್ರಾಟಲ್‌ನ ಗೆರೆ ಮಾತ್ರ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಮೇಲಧಿಕಾರಿಗಳು ನೋಡಲು ಬಂದ ದಿನ ಆ ನಡುಗುವ ಗೆರೆಯನ್ನು ಪರದೆಯಿಂದ ತೆಗೆದುಬಿಟ್ಟೆ. ಚಪ್ಪಾಳೆ ಬಿತ್ತು. ಮತ್ತೆ ಹಾಕಲಿಲ್ಲ.

ಇಂಜಿನ್ ಓಡುವಾಗ ಒಳಗೆ ಯಾರೂ ಇರಬಾರದೆಂಬ ನಿಯಮವಿತ್ತು. ಸದ್ದು ಕೇಳಿಯೇ ದೋಷ ಹಿಡಿಯುವ ಭಾವನ ಕಿವಿಯನ್ನು ನಂಬಿ ಎಲ್ಲರೂ ಅದನ್ನು ಮರೆತಿದ್ದರು. ಆ ಗುರುವಾರ ಅವರು ಒಳಗಿನಿಂದ ಮೈಕಿನಲ್ಲಿ ಕರೆದರು.

“ಏನೋ ಟಕಟಕ ಅಂತಿದೆ ಕಣೋ. ನಿಲ್ಸು, ಬಿಚ್ಚಿ ನೋಡೋಣ.”

“ವೇಗ ಕೂದಲೆಳೆಯಷ್ಟೂ ಅಲುಗಿಲ್ಲ ಭಾವ. ಇನ್ನು ಹತ್ತೇ ನಿಮಿಷ, ಪರೀಕ್ಷೆ ಮುಗಿಯುತ್ತೆ. ಮೊದಲು ನಿಮ್ಮ ಕಿವಿಗೆ ಸರ್ವಿಸ್ ಮಾಡಿಸ್ಬೇಕು.”

“ಆಯ್ತಪ್ಪಾ, ಓದಿದೋನು ನೀನು,” ಎಂದು ನಕ್ಕರು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಬಗ್ಗಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮನೆಯವರ ಕಿವಿ ನನಗೆ ಹಾಗಾಗಿತ್ತು.

ಆರನೇ ನಿಮಿಷಕ್ಕೆ ಪಿಸ್ಟನ್ನಿನ ರಾಡು ಮುರಿದು, ಇಂಜಿನ್ನಿನ ಗೋಡೆ ಸೀಳಿಕೊಂಡು ಹೊರಬಂತು. ಭಾವ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು.

ಮರುದಿನ ಪರೀಕ್ಷೆಯ ದಾಖಲೆ ತೆರೆದೆ. ಬೇರಿಂಗ್ ಸವೆದು ಇಂಜಿನ್ ಬಿಗಿಯಾದಂತೆಲ್ಲ ನನ್ನ ಪ್ರೋಗ್ರಾಂ ಥ್ರಾಟಲ್ ಅನ್ನು ಇನ್ನಷ್ಟು ತೆರೆದು ವೇಗ ಕಾಪಾಡಿತ್ತು. ನಾನು ಮುಚ್ಚಿಟ್ಟ ಗೆರೆ ನಲವತ್ತು ನಿಮಿಷದಿಂದ ಏರುತ್ತಲೇ ಇತ್ತು. ಒಮ್ಮೆ ಕಣ್ಣಿಗೆ ಬಿದ್ದಿದ್ದರೆ ನಿಲ್ಲಿಸುತ್ತಿದ್ದೆ.

“ವರದಿಯಲ್ಲಿ ಬಿಡಿಭಾಗದ ದೋಷ ಅಂತ ಬರೀರಿ. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ?” ಎಂದರು ಮ್ಯಾನೇಜರ್. ನನ್ನಿಂದ ಬರೆಯಲಾಗಲಿಲ್ಲ.

ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಬೈಯಲಿ, ಹೊಡೆಯಲಿ ಎಂದೇ ಹೋಗಿದ್ದೆ. ಅವಳು ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಎಲ್ಲಿ ಬರೀಬೇಕೋ ನಿಜ ಬರಿ. ಮಕ್ಕಳಿಗೆ ಮಾತ್ರ ಹೇಳ್ಬೇಡ,” ಎಂದಳು. “ಅವಕ್ಕೆ ಮಾವ ಬೇಕು. ನನಗೆ ಇನ್ನು ತಮ್ಮ ಇಲ್ಲ.”