ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಕುಂದು

ಮೊಸರಿನಲ್ಲಿ ಕಲ್ಲು ಹುಡುಕುವುದಕ್ಕೆ ಸಂಬಳ ಕೊಡುವ ನೌಕರಿ ಇದೆಯೇ ಎಂದು ಕೇಳಿದರೆ ಜಯಶೀಲ ಶೆಟ್ಟರನ್ನು ತೋರಿಸಬಹುದಿತ್ತು. ಠಾಣೆ ಪಟ್ಟಣದ ವರ್ತಕ ನಗರ ಬಡಾವಣೆಯ ಉಡುಪಿ ಹೋಟೆಲೊಂದಕ್ಕೆ ಇಪ್ಪತ್ತೆಂಟು ವರ್ಷಗಳಿಂದ ತರಕಾರಿ ಖರೀದಿ ಅವರದೇ. ದಿನಾ ಬೆಳಿಗ್ಗೆ ತುರ್ಭೆ ಮಾರ್ಕೆಟ್ಟಿಗೆ ಹೋಗುವುದು, ವ್ಯಾಪಾರಿ ಎಂಥ ಎಳೆ ಬದನೆ ತೋರಿಸಿದರೂ ಮುಖ ಸಿಂಡರಿಸಿ ತೊಟ್ಟು ಬಾಡಿದೆ ಎನ್ನುವುದು. ಬಾಡಿದೆಯೋ ಇಲ್ಲವೋ ಬೇರೆ ಮಾತು. ಮೊದಲು ಕುಂದು ಹೇಳಬೇಕು, ಆಮೇಲೆ ರೇಟು ಕೇಳಬೇಕು. ಆ ಕಸುಬಿನಲ್ಲಿ ಅವರನ್ನು ಮೀರಿಸಿದವರು ಇರಲಿಲ್ಲ.

ಇಂಥ ಮನುಷ್ಯನಿಗೆ ಐವತ್ತಮೂರನೇ ವಯಸ್ಸಿನಲ್ಲಿ ಒಂದು ಹುಚ್ಚು ಹಿಡಿಯಿತು. ತರಕಾರಿಯನ್ನು ಟೆಂಪೋಗೆ ಹಾಕಿಸಿ ರೈಲಿನಲ್ಲಿ ಮರಳುವಾಗ ಒಂದು ದಿನ ಐರೋಲಿಯಲ್ಲಿ ಇಳಿದು, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಸಾಲುಗಟ್ಟಿ ನಿಂತ ಫ್ಲೆಮಿಂಗೋಗಳನ್ನು ನೋಡಿದರು. ಮೊಬೈಲಿನಲ್ಲಿ ಫೋಟೋ ತೆಗೆದರೆ ಹಕ್ಕಿ ಇದ್ದಲ್ಲಿ ಗುಲಾಬಿ ಚುಕ್ಕೆ. ಹೀಗಾಗಬಾರದು, ಒಂದೊಂದು ರೆಕ್ಕೆಯ ಗರಿ ಎಣಿಸುವಂಥ ಫೋಟೋ ಬೇಕು ಅನ್ನಿಸಿತು. ಅದಕ್ಕೆ ಡಿಎಸ್‌ಎಲ್‌ಆರ್ ಕ್ಯಾಮೆರಾ ಬೇಕೆಂದು ಮಗ ಸುಜನ್ ಹೇಳಿದ. ಅದು 2009ನೇ ಇಸವಿ. ಹೊಸದರ ಬೆಲೆ ಮೂವತ್ತು ಸಾವಿರದ ಹತ್ತಿರ, ಜತೆಗೆ ಬರುವ ಲೆನ್ಸು ಹಕ್ಕಿಯವರೆಗೆ ಮುಟ್ಟುವುದೂ ಇಲ್ಲ. ಶೆಟ್ಟರ ಕೈಯಲ್ಲಿದ್ದದ್ದು ಹದಿನೆಂಟು.

ಸುಜನ್ ಆಫೀಸಿನ ಕಂಪ್ಯೂಟರಿನಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗಿರುವ ಸಲಹೆಗಳನ್ನು ಪುಟಗಟ್ಟಲೆ ಪ್ರಿಂಟ್ ತೆಗೆದು ತಂದ. ಕ್ಯಾಮೆರಾ ಹಳೆಯದಾದರೂ ಪರವಾಗಿಲ್ಲ, ದುಡ್ಡು ಉದ್ದದ ಲೆನ್ಸಿಗೆ ಹಾಕಬೇಕು. ಎಷ್ಟು ಸಾವಿರ ಕ್ಲಿಕ್ ಆಗಿದೆ ಎಂದು ಕೇಳಬೇಕು. ಈ ಕಡೆಯ ಹಸಿಗಾಳಿಗೆ ಒಳಗೆ ಬೂಷ್ಟು ಹಿಡಿದಿರುತ್ತದೆ, ಜೋಪಾನ. ಈ ಕೊನೆಯ ಮಾತು ಶೆಟ್ಟರಿಗೆ ಬಹಳ ಹಿಡಿಸಿತು. ಡೊಂಬಿವಲಿಯಲ್ಲಿ ಒಂದು ಕ್ಯಾಮೆರಾ, ಕಲ್ಯಾಣದಲ್ಲಿ ಇನ್ನೊಂದು, ಎರಡನ್ನೂ ಒಬ್ಬರೇ ಹೋಗಿ ನೋಡಿ, ಒಳಗೆ ಪೂರಾ ಬೂಷ್ಟು, ಜನರಿಗೆ ಟೋಪಿ ಹಾಕ್ತೀರಾ ಎಂದು ಮಾರುವವರ ಮುಖಕ್ಕೇ ಹೇಳಿ ಬಂದಿದ್ದರು.

ಮೂರನೆಯದು ಐರೋಲಿಯ ಏಳನೇ ಮಹಡಿಯ ಫ್ಲ್ಯಾಟಿನಲ್ಲಿತ್ತು. ಮೈಸೂರಿನ ಸೂರ್ಯನಾರಾಯಣ, ಫೈನಾನ್ಸ್ ಕಂಪನಿಯ ಕೆಲಸದವರು, ಉದ್ದದ ಲೆನ್ಸು ಸೇರಿಸಿ ಇಪ್ಪತ್ತು ಕೇಳುತ್ತಿದ್ದರು. ಭಾನುವಾರ ಅಪ್ಪ ಮಗ ಇಬ್ಬರೂ ಹೋದರು. ಸೂರ್ಯನಾರಾಯಣರ ಹೆಂಡತಿ ರುಕ್ಮಿಣಿ ಕಾಫಿ ತಂದಿಟ್ಟರು. ಶೆಟ್ಟರು ಕಾಫಿ ಮುಟ್ಟದೆ ಕ್ಯಾಮೆರಾ ಹಿಡಿದು ಕಿಟಕಿಗೆ ಹೋದರು. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಹಿಂದಿನ ಪುಟ್ಟ ಕಿಂಡಿಗೆ ಒತ್ತಿದರು.

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗಿನ ಹಬೆಯಂತೆ ಬರೀ ಬಿಳಿ ಮಬ್ಬು. ಶೆಟ್ಟರಿಗೆ ಒಳಗೊಳಗೇ ಖುಷಿಯಾಯಿತು. ಕುಂದು ಸಿಕ್ಕಿತು, ಇನ್ನು ರೇಟು ಇಳಿಯದೆ ಎಲ್ಲಿಗೆ ಹೋಗುತ್ತದೆ.

"ಎಂತ ಮಾರಾಯ್ರೆ, ಇದರಲ್ಲಿಯೂ ಪೂರಾ ಬೂಷ್ಟು ಉಂಟಲ್ಲ. ಹದಿನಾಲ್ಕಕ್ಕೆ ಕೊಡುವುದಾದರೆ ನೋಡುವ."

"ಬೂಷ್ಟಾ? ಡಬ್ಬೀಲಿ ಹಾಕಿ ಜೋಪಾನವಾಗಿ ಇಟ್ಟಿದ್ದೆ ಸಾರ್. ಕೊಡಿ ಇಲ್ಲಿ." ಸೂರ್ಯನಾರಾಯಣ ನೋಡಿದರು. "ಚೆನ್ನಾಗೇ ಕಾಣ್ತಿದೆಯಲ್ಲ. ಬ್ರಿಡ್ಜ್ ಮೇಲಿನ ಬಸ್ಸಿನ ನಂಬರ್ ಬೇಕಾದ್ರೂ ಓದ್ತೀನಿ. ಈ ಚಕ್ರ ತಿರುಗಿಸಿ, ನಿಮ್ಮ ಕಣ್ಣಿಗೆ ಹೊಂದುತ್ತೆ."

ಶೆಟ್ಟರು ಆ ಸಣ್ಣ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರು. ಮಬ್ಬು ಹೋಗಲಿಲ್ಲ. ರುಕ್ಮಿಣಿಯೂ ಬಂದು ನೋಡಿ, ಏನೂ ತೊಂದರೆ ಇಲ್ಲ ಎಂದರು. ಗಂಡ ಹೆಂಡತಿ ಒಂದೇ ರಾಗ ಹಾಡುತ್ತಿದ್ದಾರೆ ಎಂದುಕೊಂಡರು ಶೆಟ್ಟರು.

"ನಾನು ಮಾರ್ಕೆಟ್ಟಿನಲ್ಲಿ ನಿಮ್ಮಂಥವರನ್ನು ಎಷ್ಟೋ ನೋಡಿದ್ದೇನೆ," ಎಂದುಬಿಟ್ಟರು.

ಸೂರ್ಯನಾರಾಯಣರ ಮುಖ ಕಪ್ಪಿಟ್ಟಿತು. "ಬೇಡ ಅಂದ್ರೆ ಬಿಡಿ ಸಾರ್. ಮೋಸ ಅಂತ ಮಾತ್ರ ಅನ್ಬೇಡಿ," ಎಂದರು ರುಕ್ಮಿಣಿ.

ಶೆಟ್ಟರು ಕ್ಯಾಮೆರಾವನ್ನು ಮಗನ ಕೈಗೆ ಕೊಟ್ಟರು. ಅವನಾದರೂ ತಮ್ಮ ಕಡೆಯವನು. "ನೀನು ನೋಡಿ ಹೇಳು. ದಾಕ್ಷಿಣ್ಯ ಬೇಡ."

ಸುಜನ್ ನೋಡಿದ. ತುಂಬ ಹೊತ್ತು ನೋಡಿದ. ಕನ್ನಡ ಅರ್ಥವಾದರೂ ಅವನು ಉತ್ತರ ಕೊಡುವುದು ಹಿಂದಿಯಲ್ಲೇ. "ಪಪ್ಪಾ, ಏಕ್‌ದಮ್ ಕ್ಲಿಯರ್ ಹೈ," ಎಂದ. ಆಮೇಲೆ ಅಪ್ಪನ ಮುಖವನ್ನೇ ದಿಟ್ಟಿಸಿ, ಇನ್ನೊಂದು ಕಣ್ಣಿನಿಂದ ನೋಡಿ ಎಂದು ಮೆಲ್ಲಗೆ ಹೇಳಿದ.

ಶೆಟ್ಟರು ಎಡಗಣ್ಣು ಹಚ್ಚಿದರು. ಸೇತುವೆ, ಬಸ್ಸು, ಬಸ್ಸಿನ ಕಿಟಕಿಯಿಂದ ಹೊರಗೆ ಚಾಚಿದ ಯಾರದೋ ಕೈ, ಎಲ್ಲ ತೊಳೆದಿಟ್ಟಷ್ಟು ಸ್ವಚ್ಛ. ಬಲಗಣ್ಣು ಹಚ್ಚಿದರು. ಮಬ್ಬು. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು. ಆ ಮನೆಯೇ ಇಲ್ಲವಾಯಿತು. ಕಿಟಕಿ ಇದ್ದಲ್ಲಿ ಸ್ವಲ್ಪ ಬೆಳಕು. ರುಕ್ಮಿಣಿ ಇಲ್ಲ, ಸೂರ್ಯನಾರಾಯಣ ಇಲ್ಲ, ಎರಡು ಮಾರು ದೂರದಲ್ಲಿ ನಿಂತ ಮಗನೂ ಇಲ್ಲ.

ಶೆಟ್ಟರು ಅಂಗೈ ತೆಗೆದರು, ಮತ್ತೆ ಇಟ್ಟರು, ಮತ್ತೆ ತೆಗೆದರು. ಕಂಗಾಲಾದವರಿಗೆ ತಾವು ಏನು ಮಾಡುತ್ತಿದ್ದೇವೆಂಬ ಅರಿವಿರುವುದಿಲ್ಲ. ಸುಜನ್ ಬಂದು ಆ ಕೈ ಹಿಡಿದುಕೊಳ್ಳಬೇಕಾಯಿತು.

"ಕ್ಯಾಮೆರಾ ಸರಿ ಉಂಟು," ಎಂದರು ಶೆಟ್ಟರು. "ಡೊಂಬಿವಲಿಯದ್ದೂ ಸರಿ ಇತ್ತು. ಕಲ್ಯಾಣದ್ದೂ ಸರಿ ಇತ್ತು. ನಾನು ಅವರಿಗೆ ಏನೆಲ್ಲ ಹೇಳಿ ಬಂದೆ." ಸೂರ್ಯನಾರಾಯಣ ಕುರ್ಚಿ ಎಳೆದು ಕೂರಿಸಿದರು. ಶೆಟ್ಟರು ಅವರಿಗೆ ಕೈಮುಗಿದರು. ಅವರು ಆ ಕೈಗಳನ್ನು ಕೆಳಗಿಳಿಸಿ, ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದರು.

ಸೋಮವಾರ ಬೆಳಿಗ್ಗೆ ಡಾಕ್ಟರು ಎರಡೂ ಕಣ್ಣು ನೋಡಿದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಬಲಗಣ್ಣಿನ ನರವನ್ನು ತಿಂದುಹಾಕಿದೆ, ಹೋದದ್ದು ಮರಳಿ ಬರುವುದಿಲ್ಲ. ಎಡಗಣ್ಣಿನಲ್ಲೂ ಶುರುವಾಗಿದೆ, ದಿನಾ ಔಷಧಿ ಬಿಟ್ಟುಕೊಂಡರೆ ಅದನ್ನು ಉಳಿಸಬಹುದು. ಯಾವಾಗಿನಿಂದ ಕಾಣುತ್ತಿಲ್ಲ ಎಂದು ಅವರು ಕೇಳಿದ್ದಕ್ಕೆ, ಗೊತ್ತಾದದ್ದೇ ನಿನ್ನೆ ಎಂದರು ಶೆಟ್ಟರು. ಒಂದು ಕಣ್ಣು ಎರಡರ ಕೆಲಸ ಮಾಡುತ್ತಿರುತ್ತದೆ, ನೋವೂ ಇರುವುದಿಲ್ಲ, ತುಂಬ ಜನಕ್ಕೆ ಗೊತ್ತೇ ಆಗುವುದಿಲ್ಲ ಎಂದರು ಡಾಕ್ಟರು. ಸ್ಟೇಷನ್ ಹೊರಗೆ ಅರವತ್ತು ರೂಪಾಯಿಗೆ ಕೊಂಡ ಓದುವ ಕನ್ನಡಕದಲ್ಲೇ, ಯಾವ ಡಾಕ್ಟರಿಗೂ ಕಣ್ಣು ತೋರಿಸದೆ, ವರ್ಷಗಟ್ಟಲೆ ಕಳೆದ ಶೆಟ್ಟರು ತಲೆ ತಗ್ಗಿಸಿ ಕೂತಿದ್ದರು. ತನ್ನದೇ ಕಣ್ಣೊಂದು ಸತ್ತದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂಬುದನ್ನು ನಂಬಲಿಕ್ಕೇ ಅವರಿಗೆ ಆಗುತ್ತಿರಲಿಲ್ಲ.

ಮನೆಗೆ ಬಂದಾಗ ಊಟದ ಹೊತ್ತು. ಹೆಂಡತಿ ಜಯಲತಾಗೆ ಇನ್ನೂ ಏನೂ ಹೇಳಿರಲಿಲ್ಲ. ಅವರು ಬಡಿಸಿ, ದಿನದಂತೆ ಪಕ್ಕದಲ್ಲಿ ತಮ್ಮ ತಟ್ಟೆ ಇಟ್ಟುಕೊಂಡು ಕೂತರು.

"ದಾದ ಆಂಡ್?" ಎಂದು ಕೇಳಿದರು, ಏನಾಯಿತು ಎಂದು. ಮನೆಯಲ್ಲಿ ಇಬ್ಬರದೂ ತುಳು.

ಶೆಟ್ಟರು ತಟ್ಟೆಯನ್ನೇ ನೋಡುತ್ತ ಎಲ್ಲ ಹೇಳಿದರು. ಹೆಂಡತಿ ಅಳಬಹುದೆಂದು ಕಾದರು. ಅಳುವಿನ ಸದ್ದು ಬರಲಿಲ್ಲ.

"ಬಲದ ಕಣ್ಣಾ?" ಎಂದರು ಜಯಲತಾ.

"ಹೌದು. ಯಾವಾಗಿನಿಂದ ಅಂತ ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ನನಗೆ ಗೊತ್ತುಂಟು," ಎಂದರು ಜಯಲತಾ. "ಎರಡು ವರ್ಷ ಆಯಿತು. ಊಟಕ್ಕೆ ನಾನು ಕೂರುವುದು ನಿಮ್ಮ ಬಲಕ್ಕೆ. ಮೊದಲೆಲ್ಲ ನಾನು ನಕ್ಕರೆ ನೀವೂ ನಗ್ತಿದ್ರಿ. ಆಮೇಲೆ ಈ ಕಡೆ ನೋಡುವುದನ್ನೇ ಬಿಟ್ರಿ. ನಾನು ನಿಮಗೆ ಬೇಡವಾದೆ ಅಂತ ತಿಳಿದುಕೊಂಡೆ. ಕೇಳಿ ಎಂತ ಮಾಡುವುದು ಅಂತ ಸುಮ್ಮನಾದೆ."

ಶೆಟ್ಟರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಡಾಕ್ಟರ ಮುಂದೆ ಬಾರದ ನೀರು ಈಗ ಎರಡೂ ಕಣ್ಣಿನಿಂದ ಇಳಿಯತೊಡಗಿತು. ಅವರು ಕುತ್ತಿಗೆಯನ್ನು ಪೂರ್ತಿ ತಿರುಗಿಸಿ ಹೆಂಡತಿಯ ಮುಖ ನೋಡಿದರು. ಎರಡು ವರ್ಷದಲ್ಲಿ ಅದು ಎಷ್ಟು ಸೊರಗಿತ್ತು.

ಜಯಲತಾ ತಮ್ಮ ತಟ್ಟೆ ಎತ್ತಿಕೊಂಡು ಗಂಡನ ಎಡಗಡೆಗೆ ಬಂದು ಕೂತರು.